ಹೆಚ್ಚಿದ ಬದನೆಕಾಯಿ ಕಪ್ಪಾಗುವುದೇಕೆ?

ಓದುವ ಮೊದಲು

ಮಳೆಯಲ್ಲಿ ಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಬಹಳ ದಿನ ಇಟ್ಟ ಶೇಂಗಾ ಕಮಟು ವಾಸನೆ ಬರುತ್ತದೆ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ಈ ಮೂರಕ್ಕೂ ಕಾರಣ ಒಂದೇ ಇರಬಹುದೇ? ಗೆಳೆಯರೊಡನೆ ಚರ್ಚಿಸಿರಿ. ಆಮೇಲೆ ಪಾಠವನ್ನು ಓದಿರಿ.

1. ಮೊದಲು ಒಂದು ಪ್ರಯೋಗ

ಮಕ್ಕಳೇ, ಈ ಪಾಠವನ್ನು ಅಡುಗೆಮನೆಯಿಂದ ಆರಂಭಿಸೋಣ. ಒಂದು ಬದನೆಕಾಯಿಯನ್ನು ಮೂರು ಹೋಳು ಮಾಡಿಕೊಡಲು ಅವ್ವನಿಗೆ ಹೇಳಿರಿ. ಮೊದಲನೆಯ ಹೋಳನ್ನು ತಟ್ಟೆಯಲ್ಲಿ ಹಾಗೆಯೇ ಇಡಿರಿ. ಎರಡನೆಯದನ್ನು ನೀರು ತುಂಬಿದ ಬಟ್ಟಲಿನಲ್ಲಿ ಮುಳುಗಿಸಿರಿ. ಮೂರನೆಯ ಹೋಳಿಗೆ ಲಿಂಬೆರಸವನ್ನು ಚೆನ್ನಾಗಿ ಸವರಿ ಬೇರೆ ತಟ್ಟೆಯಲ್ಲಿ ಇಡಿರಿ. ಅರ್ಧ ಗಂಟೆ ಕಾಯಿರಿ.

ಈಗ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ತಟ್ಟೆಯಲ್ಲಿ ಹಾಗೆಯೇ ಇಟ್ಟ ಹೋಳು ಕಂದಾಗಿದೆ. ನೀರಿನಲ್ಲಿದ್ದ ಹೋಳು ಅಷ್ಟು ಕಂದಾಗಿಲ್ಲ. ಲಿಂಬೆರಸ ಸವರಿದ ಹೋಳೂ ತನ್ನ ಬಿಳುಪನ್ನು ಹೆಚ್ಚಿನ ಮಟ್ಟಿಗೆ ಉಳಿಸಿಕೊಂಡಿದೆ. ಹೆಚ್ಚಿದ ಬದನೆಕಾಯಿಯನ್ನು ಅವ್ವ ಏಕೆ ನೀರಿನಲ್ಲಿ ಹಾಕುತ್ತಾಳೆ ಎಂಬುದು ಈಗ ತಿಳಿಯಿತಲ್ಲವೇ?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವಿದೆ. ಬದನೆಕಾಯಿಯನ್ನು ಹೆಚ್ಚಿದಾಗ ಅದರ ಜೀವಕೋಶಗಳು ಒಡೆಯುತ್ತವೆ. ಒಳಗಿದ್ದ ಕೆಲವು ವಸ್ತುಗಳು ಹೊರಬಂದು ಆಮ್ಲಜನಕದೊಡನೆ ಸೇರಿ ಕಂದು ಬಣ್ಣಕ್ಕೆ ತಿರುಗುತ್ತವೆ. ಬದನೆಕಾಯಿಯಲ್ಲೇ ಇರುವ ಒಂದು ಕಿಣ್ವ ಈ ಕೆಲಸವನ್ನು ಬೇಗ ಬೇಗ ಮಾಡಿಸುತ್ತದೆ. ನೀರಿನಲ್ಲಿ ಮುಳುಗಿದ ಹೋಳಿಗೆ ಗಾಳಿ ಸುಲಭವಾಗಿ ತಾಗುವುದಿಲ್ಲ. ಆದ್ದರಿಂದ ಅದು ಬೇಗ ಕಪ್ಪಾಗಲಿಲ್ಲ. ಆದರೆ ಲಿಂಬೆರಸ ಸವರಿದ ಹೋಳು ಗಾಳಿಯಲ್ಲೇ ಇತ್ತು. ಅದನ್ನು ಕಾಪಾಡಿದವರು ಯಾರು? ಲಿಂಬೆಯ ಹುಳಿ ಆ ಕಿಣ್ವದ ಶಕ್ತಿಯನ್ನು ಕುಗ್ಗಿಸಿತು. ಲಿಂಬೆಯಲ್ಲಿರುವ 'ಸಿ' ಜೀವಸತ್ವ ಬದನೆಕಾಯಿಗಿಂತ ಮೊದಲು ತಾನೇ ಆಮ್ಲಜನಕದ ಪೆಟ್ಟನ್ನು ತಿಂದಿತು.

ಒಂದು ವಸ್ತು ಆಮ್ಲಜನಕದೊಡನೆ ಸೇರಿ ಹೀಗೆ ಬದಲಾಗುವುದಕ್ಕೆ ಉತ್ಕರ್ಷಣ ಎನ್ನುತ್ತಾರೆ. ಕಬ್ಬಿಣ ಉತ್ಕರ್ಷಣಗೊಂಡರೆ ತುಕ್ಕು. ಶೇಂಗಾದೊಳಗಿನ ಎಣ್ಣೆ ಉತ್ಕರ್ಷಣಗೊಂಡರೆ ಕಮಟು. ಉತ್ಕರ್ಷಣವನ್ನು ತಡೆಯುವ ಅಥವಾ ನಿಧಾನಗೊಳಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳು ಎಂದು ಹೆಸರು. ಜಾಹೀರಾತುಗಳಲ್ಲಿ ಮತ್ತು ಔಷಧದ ಅಂಗಡಿಯಲ್ಲಿ ನೀವು ಕೇಳುವ ಆ್ಯಂಟಿಆಕ್ಸಿಡಂಟ್ ಎಂಬ ಮಾತಿನ ಅರ್ಥ ಇದೇ.

2. ನಮ್ಮ ದೇಹದೊಳಗೂ ಇದೇ ಕೆಲಸ

ಆಮ್ಲಜನಕ ಇಲ್ಲದೆ ನಾವು ಕೆಲವು ನಿಮಿಷ ಕೂಡ ಬದುಕಲಾರೆವು. ಉಣ್ಣುವ ರೊಟ್ಟಿಯಿಂದ ಶಕ್ತಿ ದೊರೆಯಬೇಕಾದರೆ ಜೀವಕೋಶಗಳಿಗೆ ಆಮ್ಲಜನಕ ಬೇಕೇ ಬೇಕು. ಒಲೆ ಉರಿಯುವಾಗ ಕಿಡಿ ಸಿಡಿಯುತ್ತದೆ. ಅದೇ ರೀತಿ ಜೀವಕೋಶದಲ್ಲಿ ಶಕ್ತಿ ಹುಟ್ಟುವಾಗ ಕೆಲವು ತುಂಟ ಅಣುಗಳೂ ಹುಟ್ಟುತ್ತವೆ. ಇವಕ್ಕೆ ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ.

ಇವುಗಳ ತುಂಟತನ ಏನು? ಅಣುಗಳಲ್ಲಿ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ಕಣಗಳಿರುತ್ತವೆ. ಅವು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಫ್ರೀ ರ‍್ಯಾಡಿಕಲ್‌ನಲ್ಲಿ ಒಂದು ಎಲೆಕ್ಟ್ರಾನ್ ಒಂಟಿಯಾಗಿರುತ್ತದೆ. ಅದು ಜೋಡಿಗಾಗಿ ಪಕ್ಕದ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಆಗ ಪಕ್ಕದ ಅಣು ಒಂಟಿಯಾಗುತ್ತದೆ. ಅದು ಮತ್ತೊಂದರಿಂದ ಕಿತ್ತುಕೊಳ್ಳುತ್ತದೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಸಂಕ್ರಾಂತಿಯ ಸಮಯದಲ್ಲಿ ಸೋಲಾಪುರದಲ್ಲಿ ಸಿದ್ಧರಾಮೇಶ್ವರ ಜಾತ್ರೆ ನಡೆಯುತ್ತದೆ. ಗುಡಿಯ ಹೊರಗೆ ಸಾವಿರಾರು ಜೋಡು ಚಪ್ಪಲಿಗಳು. ಒಬ್ಬ ಹುಡುಗ ಹೊರಗೆ ಬಂದಾಗ ಅವನ ಒಂದು ಚಪ್ಪಲಿ ಇಲ್ಲ ಎಂದುಕೊಳ್ಳಿರಿ. ಅವನು ಅವಸರದಲ್ಲಿ ಬೇರೊಬ್ಬರ ಜೋಡಿನಿಂದ ಒಂದನ್ನು ಮೆಟ್ಟಿಕೊಂಡು ಹೋದ. ಆ ಜೋಡಿನವರು ಬಂದರು. ತಮ್ಮದೊಂದು ಇಲ್ಲದ್ದನ್ನು ಕಂಡು ಮತ್ತೊಬ್ಬರದನ್ನು ಮೆಟ್ಟಿದರು. ಹೀಗೆ ಒಂದು ಚಪ್ಪಲಿಯಿಂದ ಆರಂಭವಾದ ಗೊಂದಲ ಇಡೀ ಸಾಲಿಗೆ ಹರಡಿತು. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದಳು. ಅವಳ ಕೈಚೀಲದಲ್ಲಿ ಒಂದು ಹೆಚ್ಚಿನ ಜೋಡು ಇತ್ತು. "ತಗೋ ಮಗಾ, ಇದನ್ನ ಮೆಟ್ಟಿಕೋ" ಎಂದು ಅದರಲ್ಲಿ ಒಂದನ್ನು ಕೊಟ್ಟಳು. ಅವಳು ಇನ್ನೊಬ್ಬರದನ್ನು ಕಿತ್ತುಕೊಳ್ಳಲಿಲ್ಲ. ಗೊಂದಲ ಅಲ್ಲಿಗೇ ನಿಂತಿತು.

ಉತ್ಕರ್ಷಣ ನಿರೋಧಕವು ಆ ಅಜ್ಜಿಯಂತೆ. ತನ್ನ ಎಲೆಕ್ಟ್ರಾನನ್ನು ಕೊಟ್ಟ ಮೇಲೂ ಅದು ಸಮಾಧಾನದಿಂದ ಇರಬಲ್ಲದು. ಆದ್ದರಿಂದಲೇ ಕಿತ್ತುಕೊಳ್ಳುವ ಸರಪಳಿ ತುಂಡಾಗುತ್ತದೆ.

ಸರಪಳಿ ತುಂಡಾಗದಿದ್ದರೆ ಏನಾಗುತ್ತದೆ? ಜೀವಕೋಶದ ಹೊರಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಶೇಂಗಾ ಕಮಟಾದಂತೆ ಅದೂ ಕೆಡುತ್ತದೆ. ದೇಹ ಕಟ್ಟುವ ಪ್ರೋಟೀನುಗಳು ಕೆಡುತ್ತವೆ. ತಂದೆತಾಯಿಗಳಿಂದ ನಮಗೆ ಬಂದ ಗುಣಗಳ ಬರಹ ಜೀವಕೋಶದೊಳಗೆ ಡಿಎನ್ಎ ಎಂಬ ರೂಪದಲ್ಲಿದೆ. ಆ ಬರಹದಲ್ಲಿಯೂ ತಪ್ಪುಗಳಾಗುತ್ತವೆ. ಇಂಥ ಹಾನಿಯನ್ನು ದೇಹ ದಿನವೂ ಸರಿಪಡಿಸಿಕೊಳ್ಳುತ್ತಲೇ ಇರುತ್ತದೆ. ಸರಿಪಡಿಸಲಾಗದೆ ಉಳಿದ ಹಾನಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ.

ಹಾಗಾದರೆ ಫ್ರೀ ರ‍್ಯಾಡಿಕಲ್‌ಗಳು ಬರೀ ಶತ್ರುಗಳೇ? ಅಲ್ಲ. ಗಾಯವಾದಾಗ ರೋಗಾಣುಗಳು ಒಳನುಗ್ಗುತ್ತವೆ. ಅವುಗಳನ್ನು ಕೊಲ್ಲಲು ನಮ್ಮ ಬಿಳಿಯ ರಕ್ತಕಣಗಳು ಇಂಥ ಅಣುಗಳನ್ನೇ ಆಯುಧ ಮಾಡಿಕೊಳ್ಳುತ್ತವೆ. ಒಲೆಯೊಳಗಿನ ಬೆಂಕಿ ರೊಟ್ಟಿ ಬೇಯಿಸುತ್ತದೆ. ಅದೇ ಬೆಂಕಿ ಬಣವೆಗೆ ತಾಗಿದರೆ ಮೇವೆಲ್ಲ ಬೂದಿ. ಫ್ರೀ ರ‍್ಯಾಡಿಕಲ್‌ಗಳೂ ಹಾಗೆಯೇ. ಅವು ಮಿತಿಯಲ್ಲಿ ಇರಬೇಕು.

3. ಅಜ್ಜನ ಕೈ ಹೇಳುವ ಪಾಠ

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಹೊಲದಲ್ಲಿ ದುಡಿದ ಅಜ್ಜ ಇದ್ದಾರೆಯೇ? ಅವರ ಒಪ್ಪಿಗೆ ಪಡೆದು ಅವರ ಮುಂಗೈಯ ಮೇಲಿನ ಚರ್ಮವನ್ನು ನೋಡಿರಿ. ಆಮೇಲೆ ತೋಳಿನ ಒಳಭಾಗದ ಚರ್ಮವನ್ನು ನೋಡಿರಿ. ಮುಂಗೈ ಕಪ್ಪಾಗಿ, ಒರಟಾಗಿ, ಸುಕ್ಕಾಗಿದೆ. ತೋಳಿನ ಒಳಭಾಗ ಇನ್ನೂ ಮೆತ್ತಗಿದೆ, ಸುಕ್ಕು ಕಡಿಮೆ ಇದೆ. ಎರಡಕ್ಕೂ ವಯಸ್ಸು ಒಂದೇ ಅಲ್ಲವೇ? ಹಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಬಿಸಿಲಿನಿಂದ ಬಂತು. ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಚರ್ಮದಲ್ಲಿ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ವರ್ಷಗಟ್ಟಲೆ ಬಿಸಿಲು ಬಿದ್ದ ಚರ್ಮ ಬೇಗ ಮುದಿಯಾಗುತ್ತದೆ. ವಯಸ್ಸು ಎಲ್ಲರಿಗೂ ಆಗುತ್ತದೆ. ಆದರೆ ಹಾನಿ ಎಷ್ಟು ಬೇಗ ಕೂಡುತ್ತದೆ ಎಂಬುದು ನಮ್ಮ ಬದುಕಿನ ರೀತಿಯ ಮೇಲೂ ನಿಂತಿದೆ. ಅಜ್ಜನ ಕೈ ಹೇಳುವ ಪಾಠ ಇದು. ತಲೆಗೆ ರುಮಾಲು ಸುತ್ತಿ, ತುಂಬುತೋಳಿನ ಅಂಗಿ ತೊಟ್ಟು ಹೊಲಕ್ಕೆ ಹೋಗುವುದು ಹಿರಿಯರ ರೂಢಿ. ಅದರಲ್ಲಿ ಎಷ್ಟು ತಿಳಿವಳಿಕೆ ಇದೆ ನೋಡಿರಿ!

ಬಿಸಿಲಿನಂತೆಯೇ ಹೊಗೆಯೂ ಹಾನಿ ಮಾಡುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಫ್ರೀ ರ‍್ಯಾಡಿಕಲ್‌ಗಳು ತುಂಬಿರುತ್ತವೆ. ಅವುಗಳನ್ನು ಎದುರಿಸುವುದರಲ್ಲಿ ದೇಹದ 'ಸಿ' ಜೀವಸತ್ವ ಬೇಗ ಖರ್ಚಾಗುತ್ತದೆ. ಹೊಗೆ ಸೇದುವವರ ರಕ್ತದಲ್ಲಿ 'ಸಿ' ಜೀವಸತ್ವ ಉಳಿದವರಿಗಿಂತ ಕಡಿಮೆ ಇರುವುದು ಇದೇ ಕಾರಣದಿಂದ. ಮಿಶ್ರಿ ತಿಕ್ಕುವುದು, ತಂಬಾಕು ಜಗಿಯುವುದು, ಗುಟ್ಕಾ ತಿನ್ನುವುದು ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತವೆ.

4. ಹಡಗಿನಲ್ಲಿ ಹನ್ನೆರಡು ರೋಗಿಗಳು

ಈಗ ಸಮುದ್ರದ ಕಡೆಗೆ ಹೋಗೋಣ. ಪೋರ್ಚುಗಲ್ ದೇಶದ ವಾಸ್ಕೋ ಡ ಗಾಮ 1498ರಲ್ಲಿ ಕೇರಳದ ಕಲ್ಲಿಕೋಟೆಗೆ ಬಂದನೆಂದು ಇತಿಹಾಸದಲ್ಲಿ ಓದುತ್ತೀರಿ. ಅವನು ಹಿಂದಿರುಗುವಾಗ ಅರಬಿ ಸಮುದ್ರವನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಆ ದಾರಿಯಲ್ಲಿ ಅವನ ಅನೇಕ ನಾವಿಕರು ಒಂದು ವಿಚಿತ್ರ ರೋಗದಿಂದ ಸತ್ತರು. ವಸಡುಗಳು ಬಾತು ರಕ್ತ ಸೋರುತ್ತಿತ್ತು. ಹಲ್ಲುಗಳು ಅಲುಗಾಡುತ್ತಿದ್ದವು. ಮೈಯಲ್ಲಿ ಬಲವೇ ಇರುತ್ತಿರಲಿಲ್ಲ. ಈ ರೋಗದ ಹೆಸರು ಸ್ಕರ್ವಿ. ತಿಂಗಳುಗಟ್ಟಲೆ ಒಣ ರೊಟ್ಟಿ ಮತ್ತು ಉಪ್ಪು ಹಾಕಿದ ಮಾಂಸ ತಿಂದು ಬದುಕುವ ನಾವಿಕರಿಗೆ ಇದು ಬರುತ್ತಿತ್ತು.

1747ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಲಿಂಡ್ ಎಂಬ ವೈದ್ಯನು 'ಸ್ಯಾಲಿಸ್ಬರಿ' ಎಂಬ ಹಡಗಿನಲ್ಲಿ ಕೆಲಸ ಮಾಡುತ್ತಿದ್ದನು. ಅವನು ಸ್ಕರ್ವಿಯಾದ ಹನ್ನೆರಡು ನಾವಿಕರನ್ನು ಆರಿಸಿಕೊಂಡನು. ಅವರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದನು. ಎಲ್ಲರಿಗೂ ಊಟ ಒಂದೇ. ಮದ್ದು ಮಾತ್ರ ಬೇರೆ ಬೇರೆ. ಒಂದು ಜೋಡಿಗೆ ಸೇಬಿನ ಹುದುಗು ರಸ, ಒಂದಕ್ಕೆ ನೀರು ಬೆರೆಸಿದ ಆಮ್ಲದ ಹನಿಗಳು, ಒಂದಕ್ಕೆ ಹುಳಿ ದ್ರಾವಣವಾದ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ ಸಾಸಿವೆಗಳ ಲೇಹ್ಯ. ಉಳಿದ ಒಂದು ಜೋಡಿಗೆ ದಿನಕ್ಕೆ ತಲಾ ಎರಡು ಕಿತ್ತಳೆ, ಒಂದು ಲಿಂಬೆ. ಆರು ದಿನಗಳಲ್ಲಿ ಹಣ್ಣುಗಳು ಮುಗಿದುಹೋದವು. ಆದರೆ ಅಷ್ಟರಲ್ಲೇ ಹಣ್ಣು ತಿಂದ ಇಬ್ಬರಲ್ಲಿ ಒಬ್ಬನು ಎದ್ದು ಕೆಲಸಕ್ಕೆ ಸಿದ್ಧನಾದನು. ಇನ್ನೊಬ್ಬನೂ ಬಹಳ ಸುಧಾರಿಸಿದನು.

ಲಿಂಡ್ 1753ರಲ್ಲಿ ಈ ಸಂಗತಿಯನ್ನು ಪುಸ್ತಕದಲ್ಲಿ ಬರೆದನು. ಆದರೂ ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆ ಲಿಂಬೆರಸ ಕೊಡಬೇಕೆಂದು ಆಜ್ಞೆ ಮಾಡಿದ್ದು 1795ರಲ್ಲಿ. ನಡುವೆ 42 ವರ್ಷಗಳು ಕಳೆದವು. ಒಳ್ಳೆಯ ತಿಳಿವಳಿಕೆ ಪುಸ್ತಕದಲ್ಲಿ ಇದ್ದರೆ ಸಾಲದು. ಅದು ತಟ್ಟೆಗೂ ಬರಬೇಕು.

5. ಕಂದಾಗದ ಹಣ್ಣಿನ ಗುಟ್ಟು

ಲಿಂಬೆಯಲ್ಲಿ ಏನಿದೆ ಎಂಬುದು ಲಿಂಡ್‌ಗೆ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಹಂಗೇರಿ ದೇಶದ ಆಲ್ಬರ್ಟ್ ಸೆಂಟ್-ಜಾರ್ಜಿ ಎಂಬ ವಿಜ್ಞಾನಿಗೆ ನಿಮ್ಮಂತೆಯೇ ಒಂದು ಪ್ರಶ್ನೆ ಹುಟ್ಟಿತು. ಕೆಲವು ಹಣ್ಣುಗಳಿಗೆ ಪೆಟ್ಟು ಬಿದ್ದರೆ ಕಂದಾಗುತ್ತವೆ. ಕಿತ್ತಳೆ, ಲಿಂಬೆಗಳು ಹಾಗೆ ಕಂದಾಗುವುದಿಲ್ಲ. ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ಅವರು 1928ರಲ್ಲಿ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದರು. 1932ರಲ್ಲಿ ಅದೇ 'ಸಿ' ಜೀವಸತ್ವವೆಂದು ಗೊತ್ತಾಯಿತು. ಅದೇ ವರ್ಷ ಅಮೆರಿಕದ ಚಾರ್ಲ್ಸ್ ಕಿಂಗ್ ಅವರೂ ಇದನ್ನು ತೋರಿಸಿಕೊಟ್ಟರು.

ಇನ್ನೂ ಹೆಚ್ಚಿನ ಅಧ್ಯಯನಕ್ಕೆ ಆ ವಸ್ತು ಬಹಳ ಬೇಕಾಗಿತ್ತು. ಸೆಂಟ್-ಜಾರ್ಜಿ ಇದ್ದ ಸೆಗೆಡ್ ಪಟ್ಟಣವು ದಪ್ಪ ಕೆಂಪು ಮೆಣಸಿನಕಾಯಿಗೆ ಹೆಸರಾದದ್ದು. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಮೆಣಸಿನಕಾಯಿ ಬಡಿಸಿದರು. ಅವರಿಗೆ ತಿನ್ನುವ ಮನಸ್ಸಿರಲಿಲ್ಲ. ಅದನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರು. ಅದರಲ್ಲಿ 'ಸಿ' ಜೀವಸತ್ವ ತುಂಬಿತ್ತು! ಈ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

'ಸಿ' ಜೀವಸತ್ವ ಇಲ್ಲದಿದ್ದರೆ ವಸಡು ಏಕೆ ಸೋರುತ್ತದೆ? ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ ನಮ್ಮ ಚರ್ಮ, ವಸಡು, ರಕ್ತನಾಳಗಳನ್ನು ಕೊಲ್ಯಾಜೆನ್ ಎಂಬ ಪ್ರೋಟೀನು ಹಿಡಿದಿಡುತ್ತದೆ. ಅದನ್ನು ಗಟ್ಟಿಗೊಳಿಸುವ ಕಿಣ್ವದಲ್ಲಿ ಕಬ್ಬಿಣದ ಅಂಶವಿದೆ. ಆ ಕಬ್ಬಿಣ ಉತ್ಕರ್ಷಣಗೊಂಡರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. 'ಸಿ' ಜೀವಸತ್ವ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಕುಡುಗೋಲಿನ ತುಕ್ಕಿಗೂ ನಾವಿಕನ ವಸಡಿಗೂ ಇರುವ ಸಂಬಂಧ ತಿಳಿಯಿತೇ?

ಇನ್ನೊಂದು ಸಂಗತಿ. ಆಕಳು, ಮೇಕೆ, ನಾಯಿಗಳು ತಮಗೆ ಬೇಕಾದ 'ಸಿ' ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೂ ಮಂಗಗಳಿಗೂ ಆ ಶಕ್ತಿ ಇಲ್ಲ. ನಾವು ಅದನ್ನು ಊಟದಿಂದಲೇ ಪಡೆಯಬೇಕು.

6. ನಮ್ಮ ಹೊಲದ ಕಾವಲುಗಾರರು

ದೇಹಕ್ಕೆ ಎರಡು ಬಗೆಯ ಕಾವಲುಗಾರರು ಇದ್ದಾರೆ. ಮೊದಲನೆಯವರು ದೇಹವೇ ತಯಾರಿಸಿಕೊಳ್ಳುವ ಕಿಣ್ವಗಳು. ಅಂಥ ಒಂದು ಮುಖ್ಯ ಕಿಣ್ವವನ್ನು ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು 1969ರಲ್ಲಿ ಗುರುತಿಸಿದರು. ಎರಡನೆಯವರು ಆಹಾರದಿಂದ ಬರುವವರು. ಅವರನ್ನು ಹುಡುಕಲು ದೂರ ಹೋಗಬೇಕಿಲ್ಲ.

'ಸಿ' ಜೀವಸತ್ವ: ನೆಲ್ಲಿಕಾಯಿ, ಪೇರಲ, ಲಿಂಬೆ, ಬಾರಿಹಣ್ಣು, ಹಸಿಮೆಣಸಿನಕಾಯಿಗಳಲ್ಲಿ ಇದೆ. ಒಂದೇ ತೂಕದ ಕಿತ್ತಳೆಗಿಂತ ನೆಲ್ಲಿಕಾಯಿಯಲ್ಲಿ 'ಸಿ' ಜೀವಸತ್ವ ಹಲವು ಪಟ್ಟು ಹೆಚ್ಚು. ಪೇರಲದಲ್ಲಿಯೂ ಕಿತ್ತಳೆಗಿಂತ ಹೆಚ್ಚು.

'ಇ' ಜೀವಸತ್ವ: ಶೇಂಗಾ, ಕುಸುಬೆ ಎಣ್ಣೆ, ಸೂರ್ಯಪಾನ ಎಣ್ಣೆಗಳಲ್ಲಿ ಇದೆ. ಇದು ಜೀವಕೋಶದ ಪೊರೆಯ ಕೊಬ್ಬನ್ನು ಕಾಯುತ್ತದೆ.

ಕೆರೊಟಿನ್ ಬಗೆಯವು: ಗಜ್ಜರಿ, ಕುಂಬಳಕಾಯಿ, ಮಾವು, ಪಪಾಯಿಗಳ ಹಳದಿ ಮತ್ತು ಕೇಸರಿ ಬಣ್ಣ ಇವುಗಳಿಂದ ಬಂದದ್ದು. ಪಾಲಕ, ಮೆಂತ್ಯೆ, ರಾಜಗಿರಿ ಸೊಪ್ಪುಗಳಲ್ಲಿಯೂ ಇವೆ. ಎಲೆಯ ಹಸಿರು ಅವುಗಳನ್ನು ಮರೆಮಾಡಿರುತ್ತದೆ, ಅಷ್ಟೇ. ಟೊಮೆಟೊದ ಕೆಂಪೂ ಇದೇ ಬಳಗದ್ದು. ಸ್ವಲ್ಪ ಎಣ್ಣೆ ಹಾಕಿ ಬೇಯಿಸಿದ ಟೊಮೆಟೊದಿಂದ ಇದು ದೇಹಕ್ಕೆ ಚೆನ್ನಾಗಿ ಸೇರುತ್ತದೆ.

ಕೆಂಪು-ನೇರಳೆ ಬಣ್ಣದವು: ದಾಳಿಂಬೆಯ ಕಾಳು, ನೇರಳೆ ಹಣ್ಣು, ಬದನೆಕಾಯಿಯ ಸಿಪ್ಪೆಗಳಲ್ಲಿ ಇವೆ. ಸೋಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರವೂ 2005ರಿಂದ ಸೋಲಾಪುರದಲ್ಲಿಯೇ ಇದೆ. ಜೋಳದ ಕಾಳಿನ ಹೊರಪದರದಲ್ಲಿಯೂ ಉತ್ಕರ್ಷಣ ನಿರೋಧಕಗಳಿವೆ. ಆದ್ದರಿಂದ ಹಿಟ್ಟನ್ನು ಅತಿಯಾಗಿ ಜರಡಿ ಹಿಡಿಯಬಾರದು.

ಈ ಕಾವಲುಗಾರರು ಒಬ್ಬರಿಗೊಬ್ಬರು ನೆರವಾಗುತ್ತಾರೆ. 'ಇ' ಜೀವಸತ್ವ ತನ್ನ ಎಲೆಕ್ಟ್ರಾನ್ ಕೊಟ್ಟು ಬರಿದಾದಾಗ 'ಸಿ' ಜೀವಸತ್ವ ಅದಕ್ಕೆ ಮತ್ತೆ ತುಂಬಿಕೊಡುತ್ತದೆ. ಹೊಲದಲ್ಲಿ ಮುಯ್ಯಿ ಆಳಾಗಿ ದುಡಿಯುವಂತೆ ಇದು. ಒಬ್ಬರಿಂದಲೇ ಸುಗ್ಗಿ ಮುಗಿಯುವುದಿಲ್ಲ.

7. ಗುಳಿಗೆ ನುಂಗಿದರೆ ಸಾಲದೇ?

"ಹಣ್ಣು ತರಕಾರಿ ಏಕೆ? ಒಂದು ಗುಳಿಗೆ ನುಂಗಿದರಾಯಿತು" ಎಂದು ಕೆಲವರು ಹೇಳಬಹುದು. ವಿಜ್ಞಾನಿಗಳಿಗೂ ಹೀಗೆಯೇ ಅನಿಸಿತ್ತು. ಆದರೆ ಅವರು ಅನಿಸಿದ್ದನ್ನು ಹಾಗೆಯೇ ನಂಬಲಿಲ್ಲ. ಪರೀಕ್ಷಿಸಿ ನೋಡಿದರು.

ಫಿನ್ಲೆಂಡ್ ದೇಶದಲ್ಲಿ 1985ರಿಂದ 1993ರವರೆಗೆ ಒಂದು ದೊಡ್ಡ ಪರೀಕ್ಷೆ ನಡೆಯಿತು. 50ರಿಂದ 69 ವರ್ಷದೊಳಗಿನ, ಹೊಗೆ ಸೇದುವ 29,133 ಗಂಡಸರು ಅದರಲ್ಲಿ ಪಾಲ್ಗೊಂಡರು. ಕೆಲವರಿಗೆ ಬೀಟಾ ಕೆರೊಟಿನ್ ಗುಳಿಗೆ, ಕೆಲವರಿಗೆ 'ಇ' ಜೀವಸತ್ವದ ಗುಳಿಗೆ, ಕೆಲವರಿಗೆ ಎರಡೂ, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಗುಳಿಗೆ ನುಂಗಿದವರಿಗೆ ಪುಪ್ಪುಸದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂದು ಎಲ್ಲರೂ ಆಶಿಸಿದ್ದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೀಟಾ ಕೆರೊಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಸುಮಾರು ಶೇಕಡಾ 18ರಷ್ಟು ಹೆಚ್ಚಾಗಿತ್ತು! 1996ರಲ್ಲಿ ಅಮೆರಿಕದಲ್ಲಿಯೂ ಇಂಥದೇ ಒಂದು ಪರೀಕ್ಷೆಯನ್ನು ಇದೇ ಕಾರಣದಿಂದ ನಡುವೆಯೇ ನಿಲ್ಲಿಸಬೇಕಾಯಿತು.

ಗಜ್ಜರಿ ಒಳ್ಳೆಯದು. ಗಜ್ಜರಿಯಿಂದ ಒಂದೇ ವಸ್ತುವನ್ನು ಬೇರ್ಪಡಿಸಿ, ಅದನ್ನು ಬಹಳ ಪ್ರಮಾಣದಲ್ಲಿ ನುಂಗುವುದು ಬೇರೆಯೇ ಸಂಗತಿ. ಹಣ್ಣು ತರಕಾರಿಗಳಲ್ಲಿ ಅನೇಕ ವಸ್ತುಗಳು ಮಿತವಾಗಿ, ಒಟ್ಟಾಗಿ ಇರುತ್ತವೆ. ಜೊತೆಗೆ ನಾರಿನ ಅಂಶವೂ ಇರುತ್ತದೆ. ಇನ್ನೊಂದು ಮಾತನ್ನೂ ಮರೆಯಬಾರದು. ಹೊಗೆ ಸೇದುತ್ತಲೇ ಗುಳಿಗೆ ನುಂಗಿ ಪಾರಾಗಲು ಬರುವುದಿಲ್ಲ. ಹೊಗೆಯನ್ನೇ ಬಿಡಬೇಕು. ವೈದ್ಯರು ರೋಗವನ್ನು ಪರೀಕ್ಷಿಸಿ ಜೀವಸತ್ವದ ಗುಳಿಗೆ ಬರೆದುಕೊಟ್ಟರೆ ಅದನ್ನು ತಪ್ಪದೆ ತೆಗೆದುಕೊಳ್ಳಬೇಕು. ನಾವಾಗಿಯೇ ಕೊಂಡು ನುಂಗಬಾರದು.

8. ಮುಪ್ಪನ್ನು ನಿಲ್ಲಿಸಬಹುದೇ?

1956ರಲ್ಲಿ ಅಮೆರಿಕದ ಡೆನ್ಹಮ್ ಹಾರ್ಮನ್ ಎಂಬ ವಿಜ್ಞಾನಿ ಒಂದು ವಿಚಾರವನ್ನು ಮುಂದಿಟ್ಟರು. ಫ್ರೀ ರ‍್ಯಾಡಿಕಲ್‌ಗಳು ಮಾಡುವ ಹಾನಿ ಕೂಡುತ್ತ ಹೋಗುವುದೇ ಮುಪ್ಪಿಗೆ ಕಾರಣ ಎಂಬುದು ಆ ವಿಚಾರ. ಇದರಿಂದ ಬಹಳ ಸಂಶೋಧನೆ ನಡೆಯಿತು. ಆದರೆ ಎಲ್ಲವೂ ಆ ವಿಚಾರಕ್ಕೆ ಹೊಂದಲಿಲ್ಲ. ಪೂರ್ವ ಆಫ್ರಿಕದಲ್ಲಿ ನೆಲದೊಳಗೆ ಬದುಕುವ, ಮೈಮೇಲೆ ಕೂದಲಿಲ್ಲದ ಒಂದು ಬಗೆಯ ಇಲಿ ಇದೆ. ಅದರ ದೇಹದಲ್ಲಿ ಎಳವೆಯಲ್ಲೇ ಉತ್ಕರ್ಷಣದ ಹಾನಿ ಬಹಳ ಕಾಣುತ್ತದೆ. ಆದರೂ ಅದು 30 ವರ್ಷಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು. ನಮ್ಮ ಮನೆಯ ಸಣ್ಣ ಇಲಿ ಮೂರು ನಾಲ್ಕು ವರ್ಷ ಬದುಕಿದರೆ ಹೆಚ್ಚು. ಆದ್ದರಿಂದ ಮುಪ್ಪಿಗೆ ಕಾರಣ ಒಂದಲ್ಲ, ಹಲವು ಎಂದು ಇಂದು ವಿಜ್ಞಾನಿಗಳು ತಿಳಿದಿದ್ದಾರೆ. ಉತ್ಕರ್ಷಣ ಅವುಗಳಲ್ಲಿ ಒಂದು.

ಮುಪ್ಪನ್ನು ನಿಲ್ಲಿಸುವ ಗುಳಿಗೆ, ಲೇಹ್ಯ, ಪುಡಿ ಯಾವುದೂ ಇಲ್ಲ. ಹಾಗೆಂದು ಹೇಳಿ ದುಬಾರಿ ಡಬ್ಬಿ ಮಾರುವವರು ಬಂದರೆ ನಿಮ್ಮ ಅಜ್ಜ ಅಜ್ಜಿಯರಿಗೆ ಈ ಪಾಠವನ್ನು ಓದಿ ಹೇಳಿರಿ. ಆ ಹಣದಲ್ಲಿ ಎಷ್ಟು ದಿನ ಪೇರಲ, ಸೊಪ್ಪು, ಗಜ್ಜರಿ ಬರುತ್ತದೆ ಎಂದು ಅವರೊಡನೆ ಕುಳಿತು ಲೆಕ್ಕ ಹಾಕಿರಿ. ಮುಪ್ಪು ತಪ್ಪದು. ಆದರೆ ಕಣ್ಣು ಕಾಣುತ್ತ, ಕಾಲು ನಡೆಯುತ್ತ, ಮೊಮ್ಮಕ್ಕಳೊಡನೆ ನಗುತ್ತ ಬರುವ ಮುಪ್ಪೂ ಉಂಟು. ಅದಕ್ಕೆ ತಯಾರಿ ನಿಮ್ಮ ವಯಸ್ಸಿನಿಂದಲೇ ಆರಂಭವಾಗುತ್ತದೆ.

9. ನಾವು ಏನು ಮಾಡಬೇಕು?

* ದಿನವೂ ಹಣ್ಣು ತರಕಾರಿ ತಿನ್ನಬೇಕು. 6ರಿಂದ 9 ವರ್ಷದ ಮಕ್ಕಳಿಗೆ ದಿನಕ್ಕೆ 350 ಗ್ರಾಂ, 10 ವರ್ಷ ದಾಟಿದವರಿಗೆ 400 ಗ್ರಾಂ ಆದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.
* ತಟ್ಟೆಯಲ್ಲಿ ಬೇರೆ ಬೇರೆ ಬಣ್ಣಗಳಿರಬೇಕು. ಹಸಿರು, ಕೆಂಪು, ಕೇಸರಿ, ನೇರಳೆ.
* ತರಕಾರಿಯನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ 'ಸಿ' ಜೀವಸತ್ವ ನೀರಿನೊಡನೆ ಹರಿದುಹೋಗುತ್ತದೆ. ಬಹಳ ಬೇಯಿಸಿದರೂ ಅದು ನಾಶವಾಗುತ್ತದೆ. ಪಲ್ಯ ಇಳಿಸಿದ ಮೇಲೆ ಲಿಂಬೆ ಹಿಂಡುವುದು ಜಾಣತನ.
* ಭಜಿ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಕಮಟು ಶೇಂಗಾ ತಿನ್ನಬಾರದು.
* ದಿನವೂ ಆಟವಾಡಬೇಕು. ಆಡುವವರ ದೇಹ ತನ್ನ ಕಾವಲಿನ ಕಿಣ್ವಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ.
* ಬೀಡಿ, ಗುಟ್ಕಾ, ಮಿಶ್ರಿಗಳನ್ನು ಎಂದೂ ಮುಟ್ಟಬಾರದು.

ಶಬ್ದಾರ್ಥ

ಉತ್ಕರ್ಷಣ – ವಸ್ತು ಆಮ್ಲಜನಕದೊಡನೆ ಸೇರಿ ಬದಲಾಗುವುದು, ಎಲೆಕ್ಟ್ರಾನ್ ಕಳೆದುಕೊಳ್ಳುವುದು
ನಿರೋಧಕ – ತಡೆಯುವಂಥದು
ಕಿಣ್ವ – ದೇಹದೊಳಗಿನ ಕ್ರಿಯೆಯನ್ನು ಬೇಗ ನಡೆಸುವ ಪ್ರೋಟೀನು
ಕಮಟು – ಹಳೆಯ ಎಣ್ಣೆಯ ಕೆಟ್ಟ ವಾಸನೆ ಮತ್ತು ರುಚಿ
ಮುಯ್ಯಿ ಆಳು – ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವುದು
ಪುಪ್ಪುಸ – ಉಸಿರಾಟದ ಅಂಗ, ಶ್ವಾಸಕೋಶ
ಪಾರಿತೋಷಕ – ಬಹುಮಾನ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶೇಂಗಾ ಕಮಟಾಗಲು ಕಾರಣವೇನು?
2. ಜೇಮ್ಸ್ ಲಿಂಡ್ ಪ್ರಯೋಗ ನಡೆಸಿದ ಹಡಗಿನ ಹೆಸರೇನು?
3. ಸೆಂಟ್-ಜಾರ್ಜಿ ಅವರಿಗೆ 'ಸಿ' ಜೀವಸತ್ವ ಯಾವ ಕಾಯಿಯಲ್ಲಿ ಹೇರಳವಾಗಿ ದೊರೆಯಿತು?
4. ಯಾವ ಪ್ರಾಣಿಗಳು 'ಸಿ' ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜಾತ್ರೆಯ ಅಜ್ಜಿಯನ್ನು ಉತ್ಕರ್ಷಣ ನಿರೋಧಕಕ್ಕೆ ಏಕೆ ಹೋಲಿಸಲಾಗಿದೆ?
2. ಅಜ್ಜನ ಮುಂಗೈಗೂ ತೋಳಿನ ಒಳಭಾಗಕ್ಕೂ ವ್ಯತ್ಯಾಸವೇಕೆ?
3. ಲಿಂಡ್ ಎಲ್ಲ ರೋಗಿಗಳಿಗೂ ಒಂದೇ ಬಗೆಯ ಊಟ ಏಕೆ ಕೊಟ್ಟಿರಬಹುದು?
4. ಫಿನ್ಲೆಂಡಿನ ಪರೀಕ್ಷೆಯಿಂದ ನಾವು ಏನು ಕಲಿಯಬಹುದು?

ಇ) ಬಿಟ್ಟ ಸ್ಥಳ ತುಂಬಿರಿ.
1. ಬ್ರಿಟಿಷ್ ನೌಕಾಪಡೆ ______ರಲ್ಲಿ ನಾವಿಕರಿಗೆ ಲಿಂಬೆರಸ ಕೊಡಲು ಆಜ್ಞೆ ಮಾಡಿತು.
2. ಗಾರೆಯಂತೆ ಚರ್ಮವನ್ನು ಹಿಡಿದಿಡುವ ಪ್ರೋಟೀನು ______.
3. ತರಕಾರಿಯನ್ನು ಮೊದಲು ______ ಆಮೇಲೆ ಹೆಚ್ಚಬೇಕು.

ಈ) ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಉಪಯೋಗಿಸಿರಿ.
ಬೆನ್ನು ಹತ್ತು, ಮಿತಿ, ಕಾವಲುಗಾರ, ಪಾರಾಗು

ಉ) ಉಪಕ್ರಮ
1. ಒಂದು ವಾರ ನಿಮ್ಮ ಮನೆಯ ಊಟದಲ್ಲಿದ್ದ ಹಣ್ಣು ತರಕಾರಿಗಳ ಹೆಸರು ಮತ್ತು ಬಣ್ಣ ಬರೆದು ತಕ್ತೆ ತಯಾರಿಸಿರಿ. ಯಾವ ಬಣ್ಣ ಕಡಿಮೆ ಇದೆ ನೋಡಿರಿ.
2. ನಿಮ್ಮೂರ ಸಂತೆಗೆ ಹಿರಿಯರೊಡನೆ ಹೋಗಿರಿ. ಅಲ್ಲಿ ಮಾರುವ ಸೊಪ್ಪುಗಳ ಹೆಸರನ್ನು ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆದುಕೊಳ್ಳಿರಿ.
3. ಬದನೆಕಾಯಿಯ ಪ್ರಯೋಗವನ್ನು ಬಾಳೆಹಣ್ಣು, ಸೇಬು, ಆಲೂಗಡ್ಡೆಗಳಿಂದಲೂ ಮಾಡಿರಿ. ಯಾವುದು ಬೇಗ ಕಂದಾಯಿತು ಎಂಬುದನ್ನು ವರ್ಗದಲ್ಲಿ ಹೇಳಿರಿ.